ಚಕ್ರವಿಲ್ಲದ ಕಾರಿನ ಆಯುಧಪೂಜೆ

ಗ್ರೀಸ್ ಮೆತ್ತಿದ ಕೈಯನ್ನು ಈಗಲೂ ನಿಂಬೆಸಿಪ್ಪೆಯಿಂದ ಉಜ್ಜುವಾಗ ವಿದೇಶದಲ್ಲಿ, ಕೆಲ್ಲಿವಿಲ್‌ನ ನಮ್ಮ ಮನೆಯ ಗ್ಯಾರೇಜ್ ಕಣ್ಣಮುಂದೆ ಬರುತ್ತದೆ.

ನನಗಾಗ ಹತ್ತು ವರ್ಷ. ಅಪ್ಪ ಬಿಡಿಭಾಗಗಳ ಕಿಟ್ ತರಿಸಿ ಕಾರೊಂದನ್ನು ತಾವೇ ಕಟ್ಟುತ್ತಿದ್ದರು. ಎಂಜಿನ್ ಹಿಂದಿನ ಇಕ್ಕಟ್ಟಿನಲ್ಲಿ ಅವರ ದಪ್ಪ ಕೈ ತೂರುತ್ತಿರಲಿಲ್ಲ. ಅಲ್ಲಿನ ಬೋಲ್ಟ್‌ಗಳನ್ನೆಲ್ಲ ಬಿಗಿದವಳು ನಾನು.

ಆಯುಧಪೂಜೆಯ ಮಧ್ಯಾಹ್ನವೂ ಕಾರು ಚಕ್ರವಿಲ್ಲದೆ ಸ್ಟ್ಯಾಂಡ್‌ಗಳ ಮೇಲೆಯೇ ಕೂತಿತ್ತು. ಮೈಸೂರಿನಿಂದ ಬಂದಿದ್ದ ಅಜ್ಜಿ ನಿಂಬೆಹಣ್ಣು ಹಿಡಿದು ನಿಂತರು.

"ಚಕ್ರಾನೇ ಇಲ್ವಲ್ಲೋ, ಇದನ್ನ ಎಲ್ಲಿಡ್ಲಿ?"

"ಈ ಸಲ ಟೂಲ್ಸ್‌ಗೆ ಮಾತ್ರ ಪೂಜೆ ಮಾಡಮ್ಮ" ಎಂದರು ಅಪ್ಪ.

ಅಜ್ಜಿ ಸಾಲಾಗಿಟ್ಟ ಸ್ಪ್ಯಾನರ್‌ಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, "ಎಲ್ಲಾ ಆಯ್ತೇನೋ?" ಎಂದು ಕೇಳಿದರು.

"ಒಂದು ಬಾಕಿ ಇದೆ." ಅಪ್ಪ ನನ್ನ ಬಲಗೈ ಹಿಡಿದು ಮುಂದೆ ಚಾಚಿದರು. "ಇದು ಇಲ್ದಿದ್ರೆ ಎಂಜಿನ್ ಕೂರ್ತಾನೇ ಇರ್ಲಿಲ್ಲ."

"ವೇಟ್ ಅಜ್ಜಿ, ಇಟ್ಸ್ ಡರ್ಟಿ!" ಎಂದೆ. ಉಗುರಿನ ಸಂದಿಯ ಗ್ರೀಸ್ ಎಷ್ಟು ತೊಳೆದರೂ ಹೋಗಿರಲಿಲ್ಲ.

"ಇರ್ಲಿ ಬಿಡು." ಅಜ್ಜಿ ಮುಂಗೈಗೆ ಕುಂಕುಮವಿಟ್ಟು, ನಿಂಬೆಹಣ್ಣನ್ನು ನನ್ನ ಅಂಗೈಯಲ್ಲಿಟ್ಟರು. "ಇವತ್ತು ಇದಕ್ಕೂ ರಜ."

ಪೂಜೆಗಿಟ್ಟ ಆಯುಧವನ್ನು ಆ ದಿನ ಬಳಸಬಾರದೆಂಬುದು ನಮ್ಮ ಮನೆಯ ಕಟ್ಟುನಿಟ್ಟು. ಹಾಗಾಗಿ ಅಂದಿನ ಹಬ್ಬದೂಟವನ್ನು ಅಪ್ಪನೇ ಕಲಸಿ, ತುತ್ತು ಮಾಡಿ ನನ್ನ ಬಾಯಿಗಿಟ್ಟರು.