ಚೀನೀ ಪತ್ರಕ್ಕೊಂದು ಸಹಿ

ಜಲಜ ಚೀಲದಿಂದ ತೆಗೆದದ್ದು ದನದ ವಿಮೆಯ ಕಾಗದವಾಗಿರಲಿಲ್ಲ. ಕೆಂಪು ಅಂಚಿನ, ಚಿನ್ನದ ಬಣ್ಣದ ಮುದ್ರೆಯ, ಚೀನೀ ಅಕ್ಷರಗಳ ದಪ್ಪ ಹಾಳೆಯೊಂದನ್ನು ಅವಳು ಪಶು ಆಸ್ಪತ್ರೆಯ ಮೇಜಿನ ಮೇಲೆ, ಲಸಿಕೆಯ ಡಬ್ಬಿಯ ಪಕ್ಕದಲ್ಲಿ ಎರಡೂ ಕೈಯಿಂದ ಇಟ್ಟಳು. ಸುಧೀರ್ ಡಾಕ್ಟರು ಕೈ ಒರೆಸಿಕೊಳ್ಳುವುದನ್ನು ಅರ್ಧಕ್ಕೇ ನಿಲ್ಲಿಸಿದರು.

"ಇದೆಂತ ಜಲಜಕ್ಕ? ಗಂಟಿಗೆ ಹುಷಾರಿಲ್ಲ ಅಂದ್ಕಂಡೆ ನಾನ್."

"ಗಂಟಿ ಎರಡೂ ಆರಾಮಿತ್ತ್, ಹಾಲ್ ಕೊಡ್ತಿತ್ತ್. ಇದ್ ನಮ್ಮ್ ಹೆಣ್ಣಿನ ಸರ್ಟಿಫಿಕೇಟ್. ನಕಲಿಗೆ ನಿಮ್ಮ್ ಸಹಿ ಬೇಕಿತ್ತ್."

ಹೆಣ್ಣು, ಎಂದರೆ ಮಗಳು ಶ್ರೀಲತಾ, ಬಾಗಿಲ ಬಳಿ ನಿಂತಿದ್ದಳು. ಉಪ್ಪುಂದದ ಮನೆಯಲ್ಲಿ ಸಿಗ್ನಲ್ ಸಿಗುವುದು ಬಾವಿಕಟ್ಟೆಯ ಹತ್ತಿರ ಮಾತ್ರ. ಮೂರು ವರ್ಷ ಅಲ್ಲೇ ಕೂತು ಮೊಬೈಲಿನಲ್ಲಿ ಚೀನೀ ಭಾಷೆ ಕಲಿತಿದ್ದಳು. ಆಮೇಲೆ ಅದನ್ನು ಹೊರದೇಶದವರಿಗೆ ಕಲಿಸುವುದು ಹೇಗೆ ಎಂಬ ತರಬೇತಿಯನ್ನೂ ಮುಗಿಸಿ ಈ ಸರ್ಟಿಫಿಕೇಟ್ ಪಡೆದಿದ್ದಳು. ಕುಂದಾಪುರದ ಒಂದು ಸಂಸ್ಥೆಗೆ ಚೀನೀ ಕಲಿಸುವವರು ಬೇಕಾಗಿದ್ದರು. ಅರ್ಜಿ ಕೊಡಲು ಅಂದೇ ಕಡೆಯ ದಿನ, ಜೊತೆಗೆ ಗೆಜೆಟೆಡ್ ಅಧಿಕಾರಿಯ ಸಹಿ ಇರುವ ನಕಲು ಬೇಕು. ಎರಡು ದನ ಕಟ್ಟಿಕೊಂಡಿರುವ ಜಲಜಳಿಗೆ ಗೊತ್ತಿದ್ದ ಗೆಜೆಟೆಡ್ ಅಧಿಕಾರಿ ಎಂದರೆ ಬೈಂದೂರಿನ ಈ ದನದ ಡಾಕ್ಟರೊಬ್ಬರೇ.

ಆದರೆ ಅವಳು ಬಂದದ್ದು ಸಹಿಗೆ ಮಾತ್ರವಲ್ಲ. ಮುಂಬೈಯಲ್ಲಿ ಯಾರೋ ಇಂಥದ್ದೇ ಹೊಳೆಯುವ ಸುಳ್ಳು ಕಾಗದ ಹಿಡಿದುಕೊಂಡು ಕೆಲಸ ಕೇಳಲು ಹೋಗಿ ನಗೆಪಾಟಲಾದ ಕಥೆಯನ್ನು ಪಕ್ಕದ ಮನೆಯ ನಾಗು ಹೇಳಿ ಹೋಗಿದ್ದಳು. ಅಂದಿನಿಂದ ಜಲಜಳಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಓದಿದವರೊಬ್ಬರು ಕಣ್ಣಾಡಿಸಿದರೆ ಪತ್ರ ನಿಜವೋ ಸುಳ್ಳೋ ಎಂಬುದು ಗೊತ್ತಾದೀತು ಎಂದು ಅವಳ ಆಸೆ. ಇದನ್ನು ಮಗಳ ಎದುರು ಬಾಯಿಬಿಟ್ಟು ಹೇಳಲು ಮನಸ್ಸು ಬಂದಿರಲಿಲ್ಲ.

ಡಾಕ್ಟರು ಅಸಲನ್ನೂ ನಕಲನ್ನೂ ಅಕ್ಕಪಕ್ಕ ಇಟ್ಟು ಗೆರೆಗೆ ಗೆರೆ ಹೋಲಿಸಿದರು. ಅವರ ಬೆರಳು ಹೋದಲ್ಲೆಲ್ಲ ಜಲಜಳ ಕಣ್ಣೂ ಹೋಯಿತು. ಕೊನೆಗೆ ತಡೆಯಲಾರದೆ, ಪತ್ರ ನಿಜದ್ದು ಹೌದೋ ಎಂದು ಕೇಳಿಯೇಬಿಟ್ಟಳು. ಡಾಕ್ಟರು ಅಡ್ಡಡ್ಡ ತಲೆಯಾಡಿಸಿದರು. "ನಾನ್ ಸಹಿ ಹಾಕೂದ್ ಈ ಕಾಗ್ದ ಆ ಕಾಗ್ದದ್ ಹಾಂಗೇ ಇತ್ತ್ ಅಂದೇಳಿ ಮಾತ್ರ. ಆ ಕಾಗ್ದ ಸತ್ಯದ್ದ್ ಅಂದೇಳಿ ಅಲ್ಲ."

"ಹಾಂಗಾರೆ ಅದನ್ನ ಯಾರ್ ಹೇಳೂದ್?"

ಡಾಕ್ಟರು ಭಾಷಾಂತರದ ಆ್ಯಪ್ ತೆರೆದರು. ಮೊಬೈಲಿನ ಕ್ಯಾಮೆರಾ ಹಿಡಿದು ನೋಡಿದರು. ದೊಡ್ಡ ಅಕ್ಷರಗಳನ್ನು ಅದು ತರಬೇತಿ ಎಂದು ತೋರಿಸಿತು. ಕೆಳಗಿನ ಸಣ್ಣ ಸಾಲಿಗೆ ಬಂದಾಗ ಒಮ್ಮೆ ಬಾಗಿಲು ಎಂದಿತು, ಒಮ್ಮೆ ಹವಾಮಾನ ಎಂದಿತು. ಬೈಂದೂರು, ಕುಂದಾಪುರ, ಬ್ರಹ್ಮಾವರ ಹೀಗೆ ಮೂರು ತಾಲ್ಲೂಕನ್ನೂ ಮನಸ್ಸಿನಲ್ಲೇ ಸುತ್ತಿ ಬಂದರೂ ಇದನ್ನು ಓದಬಲ್ಲವರೆಂದು ಅವರಿಗೆ ಹೊಳೆದದ್ದು ಬಾಗಿಲಲ್ಲಿ ನಿಂತವಳು ಒಬ್ಬಳೇ.

"ನೀನೇ ಓದ್ ಕಾಂಬ ಹೆಣ್ಣೆ."

ಶ್ರೀಲತಾ ಓದಿ ಕನ್ನಡದಲ್ಲಿ ಹೇಳುತ್ತ ಹೋದಳು. ತನ್ನ ಹೆಸರು, ತರಬೇತಿಯ ಹೆಸರು, ಎಷ್ಟು ಗಂಟೆಯ ಪಾಠ ಎಂಬ ಲೆಕ್ಕ. ಸಣ್ಣ ಸಾಲು ಬಂದಾಗ ನಿಲ್ಲಿಸಿದಳು. ಹೊರಗೆ ಕಟ್ಟಿದ್ದ ಯಾರದೋ ಎಮ್ಮೆ ಎರಡು ಸಲ ಕೂಗಿತು. ಪತ್ರ ಅಂಚೆಯಲ್ಲಿ ಬಂದ ದಿನ ಮಗಳು ಅರ್ಧ ಊಟ ಬಿಟ್ಟು ಎದ್ದದ್ದು ಏಕೆಂದು ಜಲಜಳಿಗೆ ಈಗ ಹೊಳೆಯಿತು.

"ಈ ಪತ್ರ ತರಬೇತಿಗೆ ಹಾಜರಾದದ್ದಕ್ಕೆ ಮಾತ್ರ," ಎಂದಳು ಶ್ರೀಲತಾ, ಅಮ್ಮನ ಕಡೆ ನೋಡದೆ. "ಕಲಿಸುವ ಅರ್ಹತೆಗೆ ಇದು ಆಧಾರವಲ್ಲ, ಅಂದೇಳಿ ಬರ್ದಿದ್ರ್."

ಪತ್ರ ಕೆಲಸಕ್ಕೆ ಬಾರದು ಎಂದಾಯಿತು, ಅದನ್ನು ಹೇಳಿದವಳು ಪತ್ರ ಪಡೆದವಳೇ. ಮಗಳಿಗೆ ಇಷ್ಟು ಓದಲು ಬರುತ್ತದಲ್ಲ ಎಂದು ಸಂತೋಷಪಡಬೇಕೋ, ಓದಿಬಿಟ್ಟಳಲ್ಲ ಎಂದು ಅಳಬೇಕೋ ಜಲಜಳಿಗೆ ತಿಳಿಯಲಿಲ್ಲ. ಡಾಕ್ಟರು ನಿಟ್ಟುಸಿರು ಬಿಟ್ಟು, ನಕಲಂತೂ ಅಸಲಿನ ಹಾಗೆಯೇ ಇದೆ ಎಂದು ಸಹಿ ಹಾಕಿ ಮೊಹರು ಒತ್ತಿದರು. ಶ್ರೀಲತಾ ಅವರ ಪೆನ್ನು ಕೇಳಿ ಪಡೆದು, ನಕಲಿನ ಅಡಿಯಲ್ಲಿ ಉಳಿದ ಬಿಳಿ ಜಾಗದಲ್ಲಿ ಆ ಸಣ್ಣ ಸಾಲಿನ ಅರ್ಥವನ್ನು ಕನ್ನಡದಲ್ಲಿ ಬರೆಯತೊಡಗಿದಳು.

ಜಲಜ ಅವಳ ಮೊಣಕೈ ಹಿಡಿದಳು. "ಬರೀದಿದ್ರೆ ಅಲ್ಲಿ ಯಾರಿಗೂ ಗೊತ್ತಾತಿಲ್ಲ ಮಗಾ."

"ನಾನ್ ಅವ್ರಿಗೆ ಸಮ ಕಲ್ಸಿರೆ, ಒಂದಲ್ಲ ಒಂದ್ ದಿನ ಅವ್ರೇ ಓದ್ತ್ರ್ ಅಮ್ಮ."

ಮೊಣಕೈ ಮೇಲಿನ ಹಿಡಿತ ಸಡಿಲವಾಯಿತು. ಡಾಕ್ಟರು ಹಾಳೆಯನ್ನು ತಮ್ಮ ಕಡೆ ತಿರುಗಿಸಿ ಕನ್ನಡ ಸಾಲನ್ನು ಓದಿದರು. ಇದು ಸರಿಯಿದೆ ಎಂದು ಸಹಿ ಹಾಕಲು ತಮ್ಮಿಂದಾಗದು, ತಮಗೆ ಆ ಭಾಷೆ ಬಾರದು ಎಂದು ಬಹಳ ಬೇಸರದಿಂದಲೇ ಹೇಳಿದರು.

ಜಲಜ ಮಗಳ ಕೈಯಿಂದ ಪೆನ್ನು ತೆಗೆದುಕೊಂಡಳು. ಮಾಡುವುದು ಸರಿಯೋ ತಪ್ಪೋ ಅವಳಿಗೆ ಗೊತ್ತಿರಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡು, ಆ ಸಾಲಿನ ಕೆಳಗೆ ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆದಳು.