ಸಂಗೀತದ ಕೋಣೆಯಲ್ಲಿ ತನಿಖೆ

“ಆ ಹುಡುಗೀನ ಗೋಡೆ ಪಕ್ಕಕ್ಕೆ ಕರ್ಕೊಂಡು ಹೋಗಿ,” ಎಂದರು ತನಿಖಾಧಿಕಾರಿ. “ಬಂಡವಾಳ ಈಗ ಬಯಲಾಗತ್ತೆ.”

ಟೀಚರ್ ಗಾಲಿಕುರ್ಚಿಯನ್ನು ಹಿಂದಕ್ಕೆ ಎಳೆದರು. ಅದರಲ್ಲಿದ್ದ ಹದಿನೈದರ ಹುಡುಗಿಗೆ ಶಾಲೆಯವರಿಟ್ಟ ಅಡ್ಡಹೆಸರು ಮೆಣಸಿನಕಾಯಿ. ಹುಟ್ಟಿದಾಗಿನಿಂದ ಕೈಕಾಲು ಅವಳ ಮಾತು ಕೇಳಿದ್ದಿಲ್ಲ, ನಾಲಿಗೆಯೂ ಅಷ್ಟೆ. ಕುರ್ಚಿಗೆ ಬಿಗಿದ ಪುಟ್ಟ ಪರದೆಯ ಮೇಲಿನ ಪದಗಳನ್ನು ಅವಳು ದಿಟ್ಟಿಸಿದರೆ ಯಂತ್ರ ಅವನ್ನು ಗಟ್ಟಿಯಾಗಿ ಹೇಳುತ್ತಿತ್ತು.

ಸಂಗೀತದ ಕಂಪ್ಯೂಟರ್ ಬೇರೆ. ಅವಳು ಗಲ್ಲ ಆಡಿಸುತ್ತಾಳೆ, ಕ್ಯಾಮೆರಾ ನೋಡುತ್ತದೆ, ತಂತ್ರಾಂಶ ಸ್ವರ ಹೊರಡಿಸುತ್ತದೆ ಎಂದು ಟೀಚರ್ ಹೇಳುತ್ತಿದ್ದರು. ಎಲ್ಲ ಬೊಗಳೆ, ಮೊದಲೇ ತುಂಬಿಟ್ಟ ಧ್ವನಿಮುದ್ರಣ ಎಂದು ಇಲಾಖೆಗೆ ದೂರು ಹೋಗಿತ್ತು. ದೂರು ನಿಜವಾದರೆ ಸೋಮವಾರದಿಂದ ತರಗತಿಗೆ ಬೀಗ.

ಅಧಿಕಾರಿ ಹುಡುಗಿಯ ಜಾಗದಲ್ಲಿ ನಿಂತು ಕಂಪ್ಯೂಟರಿನತ್ತ ಬಾಗಿದರು. ಸ್ಪೀಕರಿನಿಂದ ಕೊಳಲಿನ ಎಳೆಯೊಂದು ಹೊರಟಿತು.

“ನೋಡಿದ್ರಾ? ಮುಟ್ಟೋರೇ ಇಲ್ಲ, ತಾನಾಗೇ ಹಾಡ್ತಿದೆ.”

ಟೀಚರ್ ಏನೋ ಹೇಳಲು ಬಾಯಿ ತೆರೆದರು. ಹುಡುಗಿ ಅವರನ್ನು ದುರುಗುಟ್ಟಿ ನೋಡಿದಳು. ಟೀಚರ್ ಬಾಯಿ ಮುಚ್ಚಿದರು.

“ಸಾರ್, ನಿಮಗೆ ಸಂಗೀತ ಬರತ್ತಾ?” ಎಂದಿತು ಹುಡುಗಿಯ ಯಂತ್ರ.

“ಸಂಗೀತಕ್ಕೂ ನನಗೂ ಎಣ್ಣೆ ಸೀಗೆಕಾಯಿ ಕಣಮ್ಮ. ಶಾಲೇಲಿ ನೀನು ಬರೀ ಬಾಯಾಡಿಸು, ದನಿ ತೆಗೀಬೇಡ ಅಂದಿದ್ರು ಮೇಷ್ಟ್ರು.” ಅಧಿಕಾರಿ ತಲೆಯಾಡಿಸಿದರು. ಕೊಳಲು ಮೇಲಿಂದ ಕೆಳಕ್ಕೆ ಜಾರಿತು.

“ಮತ್ತೆ ಮೋಸ ಹೇಗೆ ಹಿಡೀತೀರಿ?”

“ನನ್ನನ್ನೇ ಕೇಳ್ತೀಯಾ? ಇಪ್ಪತ್ತೆಂಟು ವರ್ಷ ಸರ್ವೀಸು ನಂದು.” ಅವರು ಗಾಳಿಯಲ್ಲಿ ಮೂರು ಸಲ ಬೆರಳು ಕುಟ್ಟಿದರು. ಡ್ರಮ್ಮು ಮೂರು ಏಟು ಹೊಡೆಯಿತು.

“ಜೋರಾಗಿ ಹೇಳಿ ಸಾರ್. ಕೇಳಿಸ್ತಿಲ್ಲ.”

ಅಧಿಕಾರಿ ಎರಡೂ ಕೈ ಎತ್ತಿ ಅಬ್ಬರಿಸಿದರು. ಪಿಟೀಲು, ಕಹಳೆ, ಗಂಟೆ ಎಲ್ಲವೂ ಒಟ್ಟಿಗೆ ಎದ್ದವು. ಕಂಕುಳಲ್ಲಿದ್ದ ಕಡತ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು, ಸಂಗೀತವೂ ತಗ್ಗಿತು.

“ಅಲ್ಲಾಡಬೇಡಿ ಸಾರ್. ಕಾಲ ಹತ್ರ ಜಿರಳೆ.”

ಅಧಿಕಾರಿ ಬಗ್ಗಿದಲ್ಲೇ ಕಲ್ಲಾದರು. ಕೋಣೆ ಪೂರ್ತಿ ನಿಶ್ಶಬ್ದವಾಯಿತು.

ಜಿರಳೆ ಕಾಣಲಿಲ್ಲ. ಅವರು ನಿಧಾನವಾಗಿ ಕಿರುಬೆರಳು ಎತ್ತಿದರು. ಒಂದು ಸ್ವರ. ಇನ್ನೊಮ್ಮೆ ಎತ್ತಿದರು. ಇನ್ನೊಂದು, ಮೊದಲಿನದಕ್ಕಿಂತ ಇಂಪಾಗಿ.

“ಇದು... ನಾನಾ?”

“ಮೊದಲಿಂದಲೂ ನೀವೇ ಸಾರ್,” ಎಂದರು ಟೀಚರ್. “ಕ್ಯಾಮೆರಾ ಮುಂದೆ ಯಾರು ಅಲ್ಲಾಡಿದ್ರೂ ಸ್ವರ ಬರತ್ತೆ.”

ಅಧಿಕಾರಿ ಕೈಯನ್ನು ಇನ್ನೊಮ್ಮೆ ಆಡಿಸಿ ನೋಡಿದರು, ಸ್ವರವೂ ಜೊತೆಗೇ ಬಂತು. ಕಡತ ತೆರೆದು ‘ದೂರು ಸುಳ್ಳು’ ಎಂದು ಬರೆದು ಸಹಿ ಹಾಕಿದರು. ಬಾಗಿಲ ಬಳಿ ಹೋದವರು ಹುಡುಗಿಯತ್ತ ತಿರುಗಿದರು. ಕಣ್ಣಂಚು ಒದ್ದೆಯಾಗಿತ್ತು.

“ಆ ಮೇಷ್ಟ್ರು ಇದ್ದಿದ್ರೆ ಕರೆದು ತೋರಿಸ್ತಿದ್ದೆ. ನಾನೂ ನುಡಿಸಬಲ್ಲೆ ಅಂತಾಯ್ತಲ್ಲಮ್ಮ.”

ಹುಡುಗಿ ಪರದೆಯ ಮೇಲೆ ಒಂದೊಂದೇ ಪದ ಹುಡುಕಿದಳು.

“ನುಡಿಸಿದ್ದು ನಾನು ಸಾರ್. ನೀವು ವಾದ್ಯ.”