ಟಾಪಿನ ಮೈಲಿಗೆ

ನಾಲ್ಕು ದಿನದ ಬಾಣಂತಿ ಅಂಜಿನಮ್ಮ ಕೂರುವ ಮೊದಲು ತನ್ನ ಜೀಪಿನ ಕ್ಯಾನ್ವಾಸ್ ಟಾಪು ಬಿಚ್ಚಬೇಕೆಂದು ಸಾಹುಕಾರ ಓಂಕಾರಪ್ಪ ಹೇಳಿದ. ಕೆಳಕೇರಿಯವಳ ತಲೆ ತಾಗಿದರೆ ಟಾಪಿಗೆ ಮೈಲಿಗೆ.

ಹರಿದಿದ್ದ ಆ ಟಾಪನ್ನು ಹೊಲಿದು, ಸೋರದಂತೆ ಮೇಣ ತಿಕ್ಕಿದವನು ಅವಳ ಗಂಡ ಬೀರಲಿಂಗಪ್ಪ. ಅದಕ್ಕೆ ಬದಲಾಗಿ ತಾಯಿ-ಕೂಸನ್ನು ಹೊನ್ನಾಳಿ ಆಸ್ಪತ್ರೆಯಿಂದ ತಮ್ಮೂರು ಸವಳಂಗಕ್ಕೆ ಬಿಡುವ ಮಾತಾಗಿತ್ತು. ಮಾಗಿಯ ಬೆಳಗು, ಅರಿವೆಯೊಳಗೆ ಕೂಸಿನ ತುಟಿ ನಡುಗುತ್ತಿತ್ತು.

“ನಾ ಹೊಲಿವಾಗ ಇಲ್ಲದ ಮೈಲಿಗೆ ಈಗ ಎಲ್ಲಿಂದ ಬಂತ್ರೀ ಸಾವ್ಕಾರ್ರೆ?”

“ಹೊಲಿಯೋನು ಹೊರಗೆ ಕುಂತಿರ್ತಾನೆ. ಒಳಗೆ ಕುಂತ್ರೆ ಬ್ಯಾರೆ. ಟಾಪು ತೆಗದ್ರೆ ಎಲ್ಲಾ ಗಾಳಿಗೆ ಹೋಗ್ತೈತೆ. ಬಿಚ್ಚಲೇ ಬೀರ, ಹೊತ್ತಾತು.”

ಬೀರಲಿಂಗಪ್ಪ ಟಾಪಿನ ಪಟ್ಟಿಗೆ ಕೈ ಹಾಕಿದ. ಕೂಸು ಸೀನಿತು. ಅವನು ಪಟ್ಟಿಯನ್ನು ಎಳೆದು ಇನ್ನೊಂದು ತೂತಿಗೆ ಬಿಗಿದ.

“ಬಿಚ್ಚಲ್ಲರೀ. ನೀ ಹತ್ತು, ಅಂಜಿನಿ.”